ದಾಳಿಂಬೆ ಸಿಪ್ಪೆಯ ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ಮರುವಾರ ಕಾಲೇಜಿನಲ್ಲಿ ಸಂತಾಪ ಸಭೆ ಇಟ್ಟುಕೊಂಡಿದ್ದರು. ಅವರು ಬದುಕಿದ್ದಾಗ ಇಂಥ ಯಾವ ಸಭೆಗೂ ಹೋದವರಲ್ಲ. ಕರೆದರೆ, "ಸತ್ತೋರ ಬಗ್ಗೆ ಒಳ್ಳೇದಷ್ಟೇ ಹೇಳ್ತಾರೆ ಕಣಮ್ಮ. ಅರ್ಧ ರಿಸಲ್ಟು ಅದು. ಅರ್ಧ ರಿಸಲ್ಟ್ ಕೇಳೋಕೆ ನಾನು ಬರಲ್ಲ" ಅನ್ನುತ್ತಿದ್ದರು. ಈಗ ಅವರ ಫೋಟೋಗೆ ಸುಗಂಧರಾಜದ ಹಾರ ಹಾಕಿ, ಅವರನ್ನು ಸರಳ ಸಜ್ಜನ, ಮೃದುಭಾಷಿ ಎಂದೆಲ್ಲ ಮೈಕಿನಲ್ಲಿ ಹೊಗಳುತ್ತಿದ್ದರು. ಮೃದುಭಾಷಿ! ಮೈಕ್ರೋಬಯಾಲಜಿ ವಿಭಾಗದಲ್ಲಿ ಅವರ ಬಾಯಿಗೆ ಸಿಕ್ಕಿ ಅಳದೆ ಉಳಿದವರು ಅಟೆಂಡರ್‌ನಿಂದ ಹಿಡಿದು ನನ್ನವರೆಗೆ ಒಬ್ಬರೂ ಇಲ್ಲ.

ಹಳೆಯ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಮೇಷ್ಟ್ರ ವೈವಾ ನೆನಪಿಸಿಕೊಂಡ. "ಪ್ರಾಜೆಕ್ಟ್ ಬಗ್ಗೆ ಎಲ್ಲ ಕೇಳಿ ಮುಗಿಸಿ, ಕನ್ನಡಕ ತೆಗೆದು ಟೇಬಲ್ ಮೇಲಿಟ್ಟು, 'ಮನೇಲಿ ಏನು ಹೇಳಿದ್ರಿ?' ಅಂತ ಕೇಳೋರು. ಎಲ್ರಿಗೂ ಅದೇ ಪ್ರಶ್ನೆ. ನಂಗೆ ತಕ್ಷಣ ಏನೂ ಹೊಳೀಲಿಲ್ಲ, ಊಟಕ್ಕೆ ಬರೋದು ಲೇಟಾಗತ್ತೆ ಅಂತ ಹೇಳಿದೀನಿ ಸರ್ ಅಂದ್ಬಿಟ್ಟೆ" ಎಂದ. ಸಭೆಯೆಲ್ಲ ನಕ್ಕಿತು. ಇನ್ನೂ ಇಬ್ಬರು ಎದ್ದು ತಮ್ಮ ತಮ್ಮ ಉತ್ತರ ಹೇಳಿ ನಗಿಸಿದರು. ವಯಸ್ಸಾದ ಮೇಷ್ಟ್ರ ಒಂದು ಕುಚೇಷ್ಟೆ ಎಂಬ ಹಾಗೆ ಆ ಪ್ರಶ್ನೆ ಕಾಲೇಜಿನಲ್ಲಿ ಉಳಿದುಬಿಟ್ಟಿದೆ. ನನಗೆ ಮಾತ್ರ ನಗು ಬರಲಿಲ್ಲ. ಆ ಪ್ರಶ್ನೆ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ವೇದಿಕೆಗೆ ಕರೆದರೂ ನಾನು ಹೋಗಲಿಲ್ಲ. ಅಲ್ಲಿ ಹೇಳದೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಬಸವನಗುಡಿಯ ಆ ಕಾಲೇಜಿಗೆ ತಾತ್ಕಾಲಿಕ ಲೆಕ್ಚರರ್ ಆಗಿ ಸೇರಿದೆ. ಮೊದಲ ದಿನ ಲ್ಯಾಬಿಗೆ ಕಾಲಿಟ್ಟಾಗ ಕಪ್ಪು ಕಲ್ಲಿನ ಟೇಬಲ್ಲಿನ ಮುಂದೆ ಒಬ್ಬ ಎತ್ತರದ, ಒಣಕಲು ಮನುಷ್ಯ ಬಾಗಿ ಒಂದು ಬೀಕರನ್ನು ಮೂಸುತ್ತಿದ್ದರು. ನನ್ನನ್ನು ನೋಡದೆಯೇ "ಹೇರ್ ಆಯಿಲ್ ಜಾಸ್ತಿ ಹಾಕ್ಕೊಂಡಿದೀರಿ. ಇಲ್ಲಿಗೆ ಹಾಗೆ ಬರಬೇಡಿ" ಎಂದರು. ಅದೇ ನನಗೆ ಸಿಕ್ಕ ಸ್ವಾಗತ. ಮೂಸುವುದು ಅವರ ಚಾಳಿ. ಬ್ಯಾಕ್ಟೀರಿಯಾ ಬೆಳೆಸುವ ಮೀಡಿಯಾ ಕೆಟ್ಟಿದೆಯೋ, ಆಟೊಕ್ಲೇವಿನ ಹಬೆಯಲ್ಲಿ ಎಲ್ಲ ಸರಿಯಾಗಿ ಬೆಂದಿದೆಯೋ, ಹುಡುಗರು ಹಿಂದಿನ ಬೆಂಚಿನಲ್ಲಿ ಏನು ತಿಂದಿದ್ದಾರೋ, ಎಲ್ಲವನ್ನೂ ಅವರು ಮೂಗಿನಿಂದಲೇ ಕಂಡುಹಿಡಿಯುತ್ತಿದ್ದರು. ಆ ಮೂಗಿನ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇತ್ತು.

ಅವರು ತಲೆ ಕೆಡಿಸಿಕೊಂಡಿದ್ದು ಹಣ್ಣಿನ ಸಿಪ್ಪೆಯ ವಿಷಯಕ್ಕೆ. ಮೂಸಂಬಿ, ಕಿತ್ತಳೆ, ಎಲ್ಲಕ್ಕಿಂತ ಹೆಚ್ಚಾಗಿ ದಾಳಿಂಬೆ. ಸಿಪ್ಪೆಯನ್ನು ಒಣಗಿಸಿ, ಕುಟ್ಟಿ, ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಸೋಸಿ, ಆಮೇಲೆ ಸ್ಪಿರಿಟ್ಟನ್ನೆಲ್ಲ ಆರಿಸಿಬಿಟ್ಟರೆ ತಳದಲ್ಲಿ ಕಂದು ಬಣ್ಣದ ಒಂದು ಅಂಟು ಉಳಿಯುತ್ತದೆ. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ, ಕೊಂದರೆ ಯಾವುದನ್ನು, ಎಷ್ಟರ ಮಟ್ಟಿಗೆ ಎಂಬುದೇ ಅವರ ಕೆಲಸ. ಗಾಜಿನ ತಟ್ಟೆಯಲ್ಲಿ ಅಗರ್ ಎಂಬ ಲೋಳೆಯನ್ನು ಹೆಪ್ಪುಗಟ್ಟಿಸಿ, ಮೇಲೆ ಬ್ಯಾಕ್ಟೀರಿಯಾ ಸವರಿ, ಅಲ್ಲಲ್ಲಿ ಸಣ್ಣ ಗುಂಡಿ ಕೊರೆದು, ಗುಂಡಿಗೆ ಆ ರಸ ಬಿಡುತ್ತಿದ್ದರು. ಮಾರನೆಯ ದಿನ ತಟ್ಟೆಯೆಲ್ಲ ಬ್ಯಾಕ್ಟೀರಿಯಾ ಬೆಳೆದು ಮಬ್ಬಾಗಿರುತ್ತದೆ. ರಸ ಕೆಲಸ ಮಾಡಿದ್ದರೆ ಗುಂಡಿಯ ಸುತ್ತ ಮಾತ್ರ ಒಂದು ತಿಳಿಯಾದ ಬಳೆ ಕಾಣುತ್ತದೆ. ಆ ಬಳೆ ಕಂಡರೆ ಗೆದ್ದ ಹಾಗೆ.

ಆದರೆ ಪ್ರತಿ ತಟ್ಟೆಯಲ್ಲೂ ಒಂದು ಗುಂಡಿಗೆ ಸಿಪ್ಪೆಯ ರಸ ಹಾಕದೆ ಬಿಡಬೇಕಿತ್ತು. ಮಿಕ್ಕಿದ್ದೆಲ್ಲ ಹಾಕಿ, ಸಿಪ್ಪೆ ಒಂದನ್ನು ಬಿಟ್ಟು. ಅದಕ್ಕೆ ಅವರು ಇಟ್ಟ ಹೆಸರು ಖಾಲಿ ಗುಂಡಿ. "ಹಾಕಿದ್ರಿಂದ ಆಯ್ತು ಅನ್ನೋಕೆ ಮುಂಚೆ ಹಾಕದೆ ಇದ್ರೆ ಏನಾಗ್ತಿತ್ತು ತೋರ್ಸಿ" ಎಂಬುದು ಅವರ ಮಂತ್ರ. ಖಾಲಿ ಗುಂಡಿ ಇಲ್ಲದ ತಟ್ಟೆ ಕಣ್ಣಿಗೆ ಬಿದ್ದರೆ, ಎಷ್ಟೇ ಚೆಂದದ ಬಳೆ ಬಂದಿರಲಿ, ನೇರ ಕಸಕ್ಕೆ.

ಬಿನ್ನಿಪೇಟೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ಇದ್ದಳು. ಅಪ್ಪ ಮಿಲ್ಲಿನಲ್ಲಿ ದುಡಿದವರು, ಮನೆಯಲ್ಲಿ ಪಿಯುಸಿ ದಾಟಿದವಳು ಅವಳೊಬ್ಬಳೇ. ಅವಳ ಮೂಸಂಬಿ ಸಿಪ್ಪೆಯ ತಟ್ಟೆಗಳಲ್ಲಿ ದೊಡ್ಡ ದೊಡ್ಡ ಬಳೆಗಳು ಬಂದವು. ಇಡೀ ಲ್ಯಾಬು ಸುತ್ತ ನೆರೆಯಿತು. ಮೇಷ್ಟ್ರು ಬಂದರು, ತಟ್ಟೆ ನೋಡಿದರು, ಪಕ್ಕದಲ್ಲಿದ್ದ ಅವಳ ರಸದ ಸೀಸೆಯ ಮುಚ್ಚಳ ತೆಗೆದು ಮೂಸಿದರು. ನಂತರ ಅದನ್ನು ಅವಳ ಮೂಗಿನ ಹತ್ತಿರ ಹಿಡಿದರು.

"ಏನು ವಾಸ್ನೆ?"

"ಮೂಸಂಬಿ ಸರ್."

"ಸರಿಯಾಗಿ ಮೂಸಿ."

ಅವಳ ಮುಖ ಸಣ್ಣದಾಯಿತು. "ಸ್ಪಿರಿಟ್ ಸರ್."

"ಪೂರ್ತಿ ಆರ್ಸಿಲ್ಲ ನೀವು. ಖಾಲಿ ಗುಂಡೀನೂ ಇಟ್ಟಿಲ್ಲ. ಬ್ಯಾಕ್ಟೀರಿಯಾ ಸತ್ತಿದ್ದು ನಿಮ್ಮ ಮೂಸಂಬಿಯಿಂದ ಅಲ್ಲ, ಸ್ಪಿರಿಟ್‌ನಿಂದ. ಮೊದಲಿಂದ ಮಾಡಿ."

ಅವಳು ಅಲ್ಲಿಯೇ ಅಳತೊಡಗಿದಳು. "ಮನೇಲೆಲ್ಲ ಹೇಳ್ಬಿಟ್ಟಿದೀನಿ ಸರ್. ಅಪ್ಪ ಬೀದಿಯೋರಿಗೆಲ್ಲ ಹೇಳ್ಕೊಂಡ್ ಬಂದಿದಾರೆ" ಎಂದಳು.

"ನೀವು ಮನೇಲಿ ಏನು ಹೇಳಿದೀರೋ ಅದು ನನ್ನ ತಲೆನೋವಲ್ಲ" ಎಂದು ಮೇಷ್ಟ್ರು ಹೊರಟುಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ಹೇಳಿದ್ದು ಸರಿಯೇ, ಆದರೆ ಹಾಗೆ ಹೇಳಬೇಕಿತ್ತೇ? ಅವತ್ತು ಅವರ ಜೊತೆ ನಾನು ಮಾತಾಡಲಿಲ್ಲ. ಅವರು ಅದನ್ನು ಗಮನಿಸಲೂ ಇಲ್ಲ.

ಇಂಥ ಕಟುಕನ ಇನ್ನೊಂದು ಮುಖ ಸ್ಟಾಫ್‌ರೂಮಿನಲ್ಲಿ ಮಧ್ಯಾಹ್ನ ಕಾಣುತ್ತಿತ್ತು. ಟಿಫಿನ್ ಕ್ಯಾರಿಯರಿನ ಜೊತೆಗೆ ಒಂದು ದೊಡ್ಡ ಸ್ಟೀಲ್ ಡಬ್ಬಿ ತರುತ್ತಿದ್ದರು. ಅದರ ತುಂಬ ಬಿಡಿಸಿದ ದಾಳಿಂಬೆ ಕಾಳು. ಡಬ್ಬಿ ತೆಗೆದು ಟೇಬಲ್ಲಿನ ನಡುವೆ ತಳ್ಳಿ, "ಸಿಪ್ಪೆ ನಮ್ದು, ಕಾಳು ನಿಮ್ದು. ತಿನ್ನಿ" ಎನ್ನುತ್ತಿದ್ದರು. ಗಾಂಧಿ ಬಜಾರಿನಲ್ಲಿ ಜ್ಯೂಸ್ ಅಂಗಡಿಯವರು ಎಸೆದ ಸಿಪ್ಪೆ ಅವರಿಗೆ ಆಗುತ್ತಿರಲಿಲ್ಲ. ಹುಳಿತಿರುತ್ತದೆ, ನೊಣ ಕೂತಿರುತ್ತದೆ. ಹಾಗಾಗಿ ಇಡೀ ಹಣ್ಣನ್ನೇ ಕೊಂಡು ಮನೆಗೆ ಒಯ್ಯುತ್ತಿದ್ದರು. ನಮ್ಮ ವಿಭಾಗದವರಷ್ಟು ದಾಳಿಂಬೆ ತಿಂದವರು ಬೆಂಗಳೂರಿನಲ್ಲಿ ಬೇರೆ ಯಾರೂ ಇರಲಾರರು.

ಆ ಕಾಳನ್ನು ಬಿಡಿಸುತ್ತಿದ್ದವರು ಅವರ ಅಕ್ಕ. ಚಾಮರಾಜಪೇಟೆಯ ಒಂದು ಕ್ರಾಸಿನಲ್ಲಿ ಕೆಂಪು ಗಾರೆ ನೆಲದ ಹಳೆಯ ಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ. ತಾಯಿ ಬೇಗ ಹೋದ ಮೇಲೆ ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸಕ್ಕೆ ಸೇರಿ, ತಮ್ಮನನ್ನು ಎಂಎಸ್ಸಿವರೆಗೆ ಓದಿಸಿದ್ದರು. ಇಬ್ಬರೂ ಮದುವೆಯಾಗಲಿಲ್ಲ. ಯಾಕೆಂದು ಕೇಳುವ ಧೈರ್ಯ ಕಾಲೇಜಿನಲ್ಲಿ ಯಾರಿಗೂ ಇರಲಿಲ್ಲ. ಅಕ್ಕನಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಅಷ್ಟು ಹಣ್ಣು ಬಿಡಿಸಿದರೂ ಬಾಯಿಗೆ ಹಾಕಿಕೊಳ್ಳುತ್ತಿದ್ದುದು ನಾಲ್ಕು ಕಾಳು ಅಷ್ಟೇ. "ಬಣ್ಣ ನೋಡಿದ್ರೇ ಹೊಟ್ಟೆ ತುಂಬತ್ತೆ ಬಿಡಮ್ಮ" ಎನ್ನುತ್ತಿದ್ದರು.

ಅವರದು ಎಂಥ ಕಂಠ! ಸ್ಪಷ್ಟ, ಚುರುಕು. ಎದುರಿಗೆ ಕೂತಿದ್ದರೂ ದೂರದ ಊರಿಗೆ ಟ್ರಂಕ್ ಕಾಲ್ ಹಾಕಿಕೊಡುತ್ತಿರುವವರ ಹಾಗೆ ಮಾತಾಡುತ್ತಿದ್ದರು. ಅಷ್ಟು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಊರಿನವರ ದನಿ ಕೇಳಿ ಕೇಳಿ, ಯಾರಾದರೂ ಸುಳ್ಳು ಹೇಳಿದರೆ ದನಿಯಲ್ಲೇ ಹಿಡಿದುಬಿಡುತ್ತಿದ್ದರು. ನಾನು ಒಮ್ಮೆ "ಊಟ ಆಯ್ತು ಅಕ್ಕ" ಎಂದಾಗ, "ಆಗಿಲ್ಲ. ಎದ್ದು ತಟ್ಟೆ ತೊಗೊ" ಎಂದಿದ್ದರು. ಮೇಷ್ಟ್ರು ಪಕ್ಕದಲ್ಲಿ ನಗುತ್ತ, "ಇವಳ ಮುಂದೆ ಸುಳ್ಳು ನಡೆಯಲ್ಲಮ್ಮ. ನಾನು ಚಿಕ್ಕೋನಿದ್ದಾಗ್ಲಿಂದ ಟ್ರೈ ಮಾಡಿ ಸೋತಿದೀನಿ" ಎಂದರು.

ಅಕ್ಕ ಕೆಲಸದಿಂದ ನಿವೃತ್ತರಾದ ಮೇಲೆ ಸಿಪ್ಪೆಯ ಜವಾಬ್ದಾರಿಯನ್ನು ಪೂರ್ತಿ ತಾವೇ ವಹಿಸಿಕೊಂಡರು. ಬಿಸಿಲಿನಲ್ಲಿ ಒಣಗಿಸಿದರೆ ಸತ್ವ ಹೋಗುತ್ತದೆಂದು ತಮ್ಮ ಹೇಳಿದ್ದರಿಂದ ನಡುಮನೆಯಲ್ಲಿ ಹಗ್ಗದ ಮಂಚದ ಮೇಲೆ ಮಲ್ಲುಬಟ್ಟೆ ಹಾಸಿ ನೆರಳಿನಲ್ಲಿಯೇ ಒಣಗಿಸುತ್ತಿದ್ದರು. ಒರಳಿನಲ್ಲಿ ಕುಟ್ಟಿ, ಹಳೆಯ ಪಂಚೆಯಲ್ಲಿ ಜರಡಿ ಹಿಡಿದು ಡಬ್ಬಿಗೆ ತುಂಬುತ್ತಿದ್ದರು. ಆ ಮನೆಗೆ ಕಾಲಿಟ್ಟರೆ ಸಾಕು, ಒಗರು ಒಗರಾದ ಒಂದು ವಾಸನೆ ಮೂಗಿಗೆ ಬಡಿಯುತ್ತಿತ್ತು. ಪರದೆಗೆ, ದಿಂಬಿಗೆ, ದೇವರ ಮನೆಯ ಮಣೆಗೂ ಅದೇ ವಾಸನೆ. ಬರಬರುತ್ತ ಅವರಿಬ್ಬರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ಸಂಜೆ ಮೇಷ್ಟ್ರು ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಡುಗೆಮನೆಯಿಂದ ಆ ಟೆಲಿಫೋನ್ ದನಿ ಬರುತ್ತಿತ್ತು.

"ಏನೋ, ಇವತ್ತು ಗೆದ್ದಿತಾ?"

"ಗೆದ್ದಿತು ಅಕ್ಕ."

ಅಕ್ಕ ಆಮೇಲೆ ಕಾಫಿ ತರುತ್ತಿದ್ದರು. ಯಾವ ಕ್ರಿಮಿ, ಬಳೆ ಎಷ್ಟು ಅಗಲ, ಖಾಲಿ ಗುಂಡಿ ಸರಿಯಾಗಿ ಖಾಲಿ ಇತ್ತೇ, ಎಲ್ಲ ಕೇಳುತ್ತಿದ್ದರು. ಎಂಎಸ್ಸಿ ಹುಡುಗರಿಗೆ ಬಾರಿ ಬಾರಿ ಹೇಳಿದರೂ ಹತ್ತದ ಖಾಲಿ ಗುಂಡಿಯ ವಿಷಯ ಅಕ್ಕನಿಗೆ ಮೊದಲ ಸಲವೇ ಹತ್ತಿತ್ತು. "ಹಾಕಿದ ಕಡೆ ನೋಡಿ ಕುಣೀಬಾರ್ದು, ಹಾಕದೆ ಇರೋ ಕಡೇನೂ ನೋಡ್ಬೇಕು. ಅಷ್ಟೇ ತಾನೆ?" ಎನ್ನುತ್ತಿದ್ದರು. ಮೇಷ್ಟ್ರ ಮುಖ ಆಗ ನೋಡಬೇಕಿತ್ತು. ಕಾಲೇಜಿನಲ್ಲಿ ಯಾರನ್ನೂ ಹೊಗಳದ ಆ ಮನುಷ್ಯ ಅಲ್ಲಿ ಹಲ್ಲು ಕಿರಿದು ಕೂತಿರುತ್ತಿದ್ದರು.

ಸಿಪ್ಪೆ ಸೋತ ದಿನ ನನಗೆ ಚೆನ್ನಾಗಿ ನೆನಪಿದೆ. ರಕ್ತ ಬೆರೆಸಿದ ಅಗರ್ ಮಾಡಲೆಂದು ತರಿಸಿದ್ದ ಕುರಿಯ ರಕ್ತ ಸ್ವಲ್ಪ ಉಳಿದಿತ್ತು. ಅದನ್ನು ಅಲುಗಿಸದೆ ಇಟ್ಟು, ಮೇಲೆ ನಿಂತ ಹಳದಿ ನೀರನ್ನು ಮೇಷ್ಟ್ರು ಸಿಪ್ಪೆಯ ರಸಕ್ಕೆ ಬೆರೆಸಿ ತಟ್ಟೆಗೆ ಹಾಕಿದ್ದರು. ಮಾರನೆಯ ಬೆಳಿಗ್ಗೆ ತಟ್ಟೆಗಳನ್ನು ಬೆಚ್ಚಗಿಡುವ ಇನ್ಕ್ಯುಬೇಟರ್ ತೆಗೆದು ನೋಡಿದರೆ ಬಳೆಯೇ ಇಲ್ಲ. ರಸ ಹಾಕಿದ ಗುಂಡಿಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದು ಕೂತಿದೆ. ಪಕ್ಕದಲ್ಲಿ ರಕ್ತ ಬೆರೆಸದ ತಟ್ಟೆಯಲ್ಲಿ ಎಂದಿನಂತೆ ಸೊಗಸಾದ ಬಳೆ. ಮತ್ತೆ ಮಾಡಿದರು, ಮತ್ತೆ ಅದೇ.

"ಅಷ್ಟೇ ಕಣಮ್ಮ. ಮುಗೀತು" ಎಂದರು. ನನಗೆ ಅರ್ಥವಾಗದೆ ನಿಂತಾಗ ಒಂದು ಚೂರು ಸಿಪ್ಪೆ ಕೈಗೆ ಕೊಟ್ಟು ಅಗಿಯಲು ಹೇಳಿದರು. ನಾಲಿಗೆ ದಪ್ಪಗಾಗಿ ಬಾಯೆಲ್ಲ ಒಣಗಿತು. "ಒಗರು ಅಂದ್ರೆ ಅದೇ. ಅದು ನಿಮ್ಮ ಎಂಜಲಲ್ಲಿರೋ ಪ್ರೋಟೀನನ್ನ ಹಿಡ್ಕೊಂಡ್ಬಿಡತ್ತೆ. ಗಾಯಕ್ಕೆ ಹಾಕಿದ್ರೆ ಅಲ್ಲಿ ರಕ್ತ ಇರತ್ತೆ, ಕೀವು ಇರತ್ತೆ. ಅದನ್ನ ಹಿಡ್ಕೊಳೋದ್ರಲ್ಲೇ ಇದರ ಶಕ್ತಿಯೆಲ್ಲ ಮುಗಿದುಹೋಗತ್ತೆ. ಕ್ರಿಮಿ ಆರಾಮಾಗಿರತ್ತೆ. ತಟ್ಟೆ ತೊಳೆಯೋಕೆ, ಪಾತ್ರೆ ತೊಳೆಯೋಕೆ ಆಗ್ಬಹುದೇನೋ. ಗಾಯಕ್ಕಂತೂ ಅಲ್ಲ."

ಅದನ್ನು ಅವರು ಮುಚ್ಚಿಡಲಿಲ್ಲ. ವರದಿಯಲ್ಲಿ ಬರೆದರು, ತರಗತಿಯಲ್ಲಿ ಹೇಳಿದರು, ಸೆಮಿನಾರಿನಲ್ಲಿ ಯಾರೋ ದಾಳಿಂಬೆ ಸಿಪ್ಪೆಯ ಮುಲಾಮಿನ ಮಾತೆತ್ತಿದಾಗ ಅವರನ್ನು ಎಲ್ಲರೆದುರು ನಿಲ್ಲಿಸಿ ಬೆವರಿಳಿಸಿದರು.

ಸಿಪ್ಪೆ ಸೋತ ಆ ದಿನ ಸಂಜೆ ಅಕ್ಕ ನನಗೆ ಹುಳಿಪುಡಿ ಕೊಡುತ್ತೇನೆಂದಿದ್ದರಿಂದ ನಾನೂ ಮೇಷ್ಟ್ರ ಜೊತೆ ಮನೆಗೆ ಹೋದೆ. ಚಪ್ಪಲಿ ಬಿಟ್ಟೆವು. "ಏನೋ, ಇವತ್ತು ಗೆದ್ದಿತಾ?" ಒಳಗಿನಿಂದ ಪ್ರಶ್ನೆ ಬಂತು. ಮಂಚದ ಮೇಲೆ ಹೊಸ ಸಿಪ್ಪೆ ಹರವಿತ್ತು. ಅಕ್ಕ ಒಂದೊಂದನ್ನೂ ಒಳಮೈ ಮೇಲಾಗಿ ತಿರುವಿ ಇಟ್ಟಿದ್ದರು. ಮೇಷ್ಟ್ರು ಅದನ್ನೇ ನೋಡುತ್ತ ನಿಂತು, "ಸ್ಟೆಫೈಲೋಕಾಕಸ್ ತಟ್ಟೇಲಿ ಗೆದ್ದಿತು ಅಕ್ಕ. ದೊಡ್ಡ ಬಳೆ" ಎಂದರು. ಅದು ಸುಳ್ಳಲ್ಲ. ರಕ್ತ ಬೆರೆಸದ ತಟ್ಟೆಯಲ್ಲಿ ಗೆದ್ದೇ ಇತ್ತು. ದನಿ ಸ್ವಲ್ಪವೂ ಅಲುಗಲಿಲ್ಲ, ಅಕ್ಕನಿಗೆ ಹಿಡಿಯಲು ಅದರಲ್ಲಿ ಏನೂ ಇರಲಿಲ್ಲ. ನಾನು ಮೇಷ್ಟ್ರ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಲಿಲ್ಲ. ನಿವೃತ್ತಿಯಾದ ಅಕ್ಕನ ಕೈಯಿಂದ ಇರುವ ಒಂದು ಕೆಲಸ ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ, ಪಾಪ, ಎಂದುಕೊಂಡೆ. ಈ ಮನುಷ್ಯನ ಎದೆಯಲ್ಲೂ ಒಂದು ಮೆತ್ತನೆಯ ಜಾಗ ಇದೆಯಲ್ಲ ಎಂದು ಖುಷಿಯೂ ಆಯಿತು.

ಆಮೇಲೂ ಸಿಪ್ಪೆ ಒಣಗುತ್ತಲೇ ಇತ್ತು. ಮೇಷ್ಟ್ರು ಪಾಠಕ್ಕೆ, ಹುಡುಗರ ಪ್ರಾಕ್ಟಿಕಲ್ಲಿಗೆ ಆ ಪುಡಿಯನ್ನು ಬಳಸುತ್ತಿದ್ದರು. ಸಂಜೆ ಯಾವುದೋ ಗೆದ್ದ ತಟ್ಟೆಯ ಸುದ್ದಿ ಮನೆಗೆ ಹೋಗುತ್ತಿತ್ತು.

ಎರಡು ವರ್ಷ ಕಳೆದಿರಬೇಕು. ರಾಮನವಮಿಯ ದಿನ ಅಕ್ಕ ದೇವಸ್ಥಾನಕ್ಕೆ ಹೋದವರು ಮಧ್ಯಾಹ್ನದ ಬಿಸಿಲಿನಲ್ಲಿ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಹಾಕಿದರು. ಬೇರೆಯವರೆಲ್ಲ ಕಾಲು ಸುಡುತ್ತದೆಂದು ಓಡುತ್ತಿದ್ದರಂತೆ. ಇವರಿಗೆ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದು ಎಷ್ಟೋ ಕಾಲವಾಗಿತ್ತು. ಸುಟ್ಟದ್ದು ಗೊತ್ತೇ ಆಗಲಿಲ್ಲ. ಮನೆಗೆ ಬಂದು ಕಾಲು ತೊಳೆಯುವಾಗ ನೋಡಿದರೆ ಎರಡು ಅಂಗಾಲಿನಲ್ಲೂ ಬೊಬ್ಬೆ.

ತಮ್ಮನಿಗೆ ಹೇಳಲಿಲ್ಲ. ಹೇಳಿದರೆ ಬೈಯುತ್ತಾನೆಂದು ಸ್ವಲ್ಪ. ಅದಕ್ಕಿಂತ ಹೆಚ್ಚಾಗಿ, ವಾಸಿ ಮಾಡಿಕೊಂಡು ತೋರಿಸೋಣ ಎಂದು. ಸಾಕ್ಸ್ ಹಾಕಿಕೊಂಡು ಓಡಾಡತೊಡಗಿದರು. ಏಪ್ರಿಲ್ ಸೆಕೆಯಲ್ಲಿ ಯಾಕೆ ಎಂದರೆ, "ಕಾಲು ತಣ್ಣಗಾಗತ್ತೆ ಕಣೋ" ಎಂದರು. ಸಕ್ಕರೆ ಕಾಯಿಲೆಯವರು ಹಾಗೆನ್ನುವುದು ಉಂಟು. ಮೇಷ್ಟ್ರು ನಂಬಿದರು. ಗಾಯದ ವಾಸನೆ ಬರಲಿಲ್ಲವೇ ಎಂದು ಆಮೇಲೆ ಡಾಕ್ಟರು ಕೇಳಿದರು. ಆ ಮನೆಯಲ್ಲಿ ಸಿಪ್ಪೆಯದಲ್ಲದೆ ಬೇರೆ ಯಾವ ವಾಸನೆಗೂ ಜಾಗವಿರಲಿಲ್ಲ. ಸಾಕ್ಸಿನೊಳಗಿದ್ದದ್ದೂ ಅದೇ ಸಿಪ್ಪೆ.

ಒಂದು ಬೆಳಿಗ್ಗೆ ಅಕ್ಕ ಚಳಿ ಜ್ವರದಿಂದ ನಡುಗುತ್ತ ಬಚ್ಚಲಿನ ಹತ್ತಿರ ಕುಸಿದರು. ಮೇಷ್ಟ್ರು ನನಗೆ ಫೋನ್ ಮಾಡಿದರು. ಆಸ್ಪತ್ರೆಯಲ್ಲಿ ನರ್ಸು ಎಡಗಾಲಿನ ಸಾಕ್ಸ್ ತೆಗೆದರು. ಅಂಗಾಲಿನಲ್ಲಿ ಕಂದು ಬಣ್ಣದ ಒಂದು ಗಟ್ಟಿ ಹೊಪ್ಪಳೆ. ಮೇಲಿನಿಂದ ನೋಡಿದರೆ ಒಣಗಿ ವಾಸಿಯಾಗುತ್ತಿದೆ ಎನ್ನಬೇಕು. ಸರ್ಜನ್ ಅದನ್ನು ಅಂಚಿನಲ್ಲಿ ಒತ್ತಿದರು. ಒಳಗೆ ಕಣಕಾಲಿನವರೆಗೂ ಕೊಳೆತುಹೋಗಿತ್ತು. ಒಗರು ಮೇಲಿನ ಚರ್ಮವನ್ನಷ್ಟೇ ಬಿಗಿಮಾಡಿ, ಕೆಳಗಿನದನ್ನು ಮುಚ್ಚಿಟ್ಟಿತ್ತು.

ಆಮೇಲೆ ಬಲಗಾಲಿನ ಸಾಕ್ಸ್ ತೆಗೆದರು. ಅಂಗಾಲಿನಲ್ಲಿ ನಸುಗೆಂಪು ಬಣ್ಣದ ಎಳೆ ಚರ್ಮ. ಬೊಬ್ಬೆ ಒಡೆದು, ಆರಿ, ಹೊಸ ಚರ್ಮ ಬಂದಿತ್ತು.

"ಈ ಕಾಲು ಚೆನ್ನಾಗಿದೆಯಲ್ಲಮ್ಮ. ಇದಕ್ಕೇನು ಹಾಕ್ತಿದ್ರಿ?" ಸರ್ಜನ್ ಕೇಳಿದರು.

"ಏನೂ ಇಲ್ಲ ಡಾಕ್ಟ್ರೆ. ಸೋಪು ನೀರು ಅಷ್ಟೇ" ಎಂದರು ಅಕ್ಕ. ಜ್ವರದಲ್ಲೂ ದನಿ ಸ್ಪಷ್ಟವಾಗಿತ್ತು. ತಮ್ಮನ ಕಡೆ ತಿರುಗಿ, ಬೆನ್ನು ತಟ್ಟುತ್ತಾನೇನೋ ಎಂಬಂತೆ, "ನೀನು ಹೇಳ್ತಿದ್ಯಲ್ಲೋ, ಒಂದು ಖಾಲಿ ಇರ್ಬೇಕು ಅಂತ. ಎಡಗಾಲಿಗೆ ನಮ್ಮ ಪುಡಿ ಹಾಕ್ದೆ. ಬಲಗಾಲು ಖಾಲಿ ಬಿಟ್ಟೆ" ಎಂದರು.

ಮೇಷ್ಟ್ರು ಗೋಡೆಗೆ ಒರಗಿಕೊಂಡರು. ಬಲಗಾಲು ವಾಸಿಯಾಗುತ್ತಿದ್ದದ್ದು ಅಕ್ಕನ ಕಣ್ಣಿಗೂ ಬಿದ್ದಿರಲೇಬೇಕು. ಹಾಗಿದ್ದರೂ ಯಾಕೆ ಹಾಕುತ್ತಲೇ ಹೋದರು? ಅದನ್ನೂ ಅವರೇ ಹೇಳಿದರು. "ಬಲಗಾಲು ಬೇಗ ಆರ್ತಾ ಬಂತು. ಎಡಗಾಲಲ್ಲಿ ಗಾಯ ದೊಡ್ಡದಿತ್ತೇನೋ, ಇನ್ನೊಂದ್ ಸ್ವಲ್ಪ ಜಾಸ್ತಿ ಹಾಕೋಣ ಅಂದ್ಕೊಂಡೆ. ಯಾವತ್ತೂ ಸೋತಿಲ್ವಲ್ಲ ನಮ್ಮ ಪುಡಿ."

ಎಡಗಾಲನ್ನು ಮಂಡಿಯ ಮೇಲಿನವರೆಗೆ ತೆಗೆದರು.

ಆಪರೇಷನ್ನಿಗೆ ಮುಂಚೆ ಮೇಷ್ಟ್ರು ಸರ್ಜನ್ನರನ್ನು ಕೇಳಿಕೊಂಡು ಆ ಗಾಯವನ್ನು ಹತ್ತಿಯಿಂದ ಒರೆಸಿಸಿ ಒಂದು ಸ್ವಾಬ್ ತೆಗೆಸಿಕೊಂಡಿದ್ದರು. ಬೇಡ ಎಂದೆ. ಕೇಳಲಿಲ್ಲ. ಅಕ್ಕನ ಕಾಲಿನ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ, ತಟ್ಟೆಗೆ ಸವರಿ, ಅಕ್ಕನೇ ಕುಟ್ಟಿದ ಪುಡಿಯ ರಸ ಹಾಕಿ ಇಟ್ಟರು. ಎರಡು ತಟ್ಟೆ. ಬೆಳಿಗ್ಗೆ ಇನ್ಕ್ಯುಬೇಟರ್ ತೆಗೆಯಲು ಅವರಿಗೆ ಕೈ ಬರಲಿಲ್ಲ, ನಾನು ತೆಗೆದೆ. ಒಂದರಲ್ಲಿ ಗುಂಡಿಯ ಸುತ್ತ ಕನ್ನಡಿಯಷ್ಟು ತಿಳಿಯಾದ ಬಳೆ. ಅಕ್ಕನ ಕಾಲನ್ನು ತಿಂದ ಅದೇ ಬ್ಯಾಕ್ಟೀರಿಯಾ ಅಲ್ಲಿ ಸತ್ತು ಬಿದ್ದಿತ್ತು. ರಕ್ತದ ನೀರು ಬೆರೆಸಿದ ಇನ್ನೊಂದರಲ್ಲಿ ಏನೂ ಇಲ್ಲ. ಅಂಚಿನಿಂದ ಅಂಚಿಗೆ ಮಬ್ಬು. ಮೇಷ್ಟ್ರು ಎರಡನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಆಟೊಕ್ಲೇವಿಗೆ ಹಾಕಿ, ಕೈ ತೊಳೆದು, "ನಡಿಯಮ್ಮ, ಹೇಳ್ಬಿಟ್ಟು ಬರೋಣ" ಎಂದರು.

ಅಕ್ಕ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿದ್ದರು. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ಸಂಜೆಯ ಹೊತ್ತು. ತಮ್ಮನನ್ನು ಕಂಡ ಕೂಡಲೆ, ಅಭ್ಯಾಸಬಲದಿಂದ, "ಏನೋ, ಇವತ್ತು ಗೆದ್ದಿತಾ?" ಎಂದರು.

"ತಟ್ಟೇಲಿ ಗೆದ್ದಿತು ಅಕ್ಕ" ಎಂದರು ಮೇಷ್ಟ್ರು. ಸ್ಟೂಲು ಎಳೆದುಕೊಂಡು ಕೂತರು. "ರಕ್ತ ಬೆರೆಸಿದ್ ತಟ್ಟೇಲಿ ಸೋತಿತು."

"ರಕ್ತ ಯಾವಾಗ ಬೆರೆಸ್ದೆ?"

"ಎರಡ್ ವರ್ಷ ಆಯ್ತು. ಆವಾಗ್ಲೂ ಸೋತಿತ್ತು. ಗಾಯಕ್ಕೆ ಬರಲ್ಲ ಅದು. ನಂಗೆ ಗೊತ್ತಿತ್ತು."

ಅಕ್ಕ ಅವರ ಮುಖವನ್ನೇ ನೋಡಿದರು. "ನೀನು ಸುಳ್ಳು ಹೇಳ್ಲಿಲ್ವಲ್ಲೋ. ಹೇಳಿದ್ರೆ ನಂಗೆ ಗೊತ್ತಾಗ್ತಿತ್ತು."

"ಸುಳ್ಳು ಹೇಳ್ಲಿಲ್ಲ. ಗೆದ್ದಿದ್ದನ್ನ ಮಾತ್ರ ಹೇಳ್ದೆ."

"ಯಾಕೋ?"

ಮೇಷ್ಟ್ರು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. "ನೀನು ಬೇಜಾರ್ ಮಾಡ್ಕೊಂಡು ಸಿಪ್ಪೆ ಒಣಗ್ಸೋದು ಬಿಟ್ಬಿಡ್ತೀಯ ಅಂತ" ಎಂದರು.

"ಬಿಡ್ತಿರ್ಲಿಲ್ಲ ಕಣೋ" ಎಂದರು ಅಕ್ಕ. "ಯಾಕೆ ಸೋತಿತು ಅಂತ ಕೇಳ್ತಿದ್ದೆ."

ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಮೇಷ್ಟ್ರಿಗೆ ಒಳ್ಳೆಯದಾಗುತ್ತಿತ್ತೋ ಏನೋ. ಒಗರು ಎಂದರೇನು, ರಕ್ತ ಸೇರಿದರೆ ಯಾಕೆ ಕೆಲಸ ಮಾಡುವುದಿಲ್ಲ ಎಂದು ಆ ಸಂಜೆ ಅಕ್ಕ ಒಂದೊಂದಾಗಿ ಕೇಳಿದರು. ಮೇಷ್ಟ್ರು ಒಂದೊಂದಾಗಿ ಹೇಳಿದರು. ಗಾಯದ ನಂಜು ಅಷ್ಟರಲ್ಲಿ ರಕ್ತಕ್ಕೆ ಹರಡಿತ್ತು. ಕಾಲು ತೆಗೆದರೂ ಜ್ವರ ಇಳಿಯಲಿಲ್ಲ. ಆ ವಾರ ಮುಗಿಯುವ ಮುಂಚೆ ಅಕ್ಕ ಹೋಗಿಬಿಟ್ಟರು.

ರಜೆ ಮುಗಿಸಿ ಬಂದ ಮೇಷ್ಟ್ರು ಹೊರಗೆ ನೋಡುವವರಿಗೆ ಮೊದಲಿನ ಹಾಗೆಯೇ ಇದ್ದರು. ಬೈಗುಳ ಕಡಿಮೆಯಾಗಲಿಲ್ಲ, ಖಾಲಿ ಗುಂಡಿ ಇಲ್ಲದ ತಟ್ಟೆ ಕಸಕ್ಕೇ ಹೋಗುತ್ತಿತ್ತು. ಮೂಸುವುದನ್ನು ಮಾತ್ರ ಬಿಟ್ಟುಬಿಟ್ಟರು. ಸ್ಟೀಲ್ ಡಬ್ಬಿಯೂ ಬರಲಿಲ್ಲ, ನಾವು ಯಾರೂ ಕೇಳಲಿಲ್ಲ. ಆ ವರ್ಷದ ವೈವಾದಲ್ಲಿ ಮೊದಲ ಸಲ ಕನ್ನಡಕ ತೆಗೆದಿಟ್ಟು, "ಮನೇಲಿ ಏನು ಹೇಳಿದ್ರಿ?" ಎಂದು ಕೇಳಿದರು. ಹುಡುಗ ತಬ್ಬಿಬ್ಬಾದ. "ಗೆದ್ದಿದ್ದು ಹೇಳಿರ್ತೀರಿ. ಸೋತ ತಟ್ಟೆ ವಿಷಯ ಹೇಳಿದ್ರಾ? ಇವತ್ತು ಹೋಗಿ ಅದನ್ನೂ ಹೇಳಿ" ಎಂದು ಕಳಿಸಿಕೊಟ್ಟರು. ಪಕ್ಕದಲ್ಲಿ ಕೂತಿದ್ದ ಹೊರಗಿನ ಪರೀಕ್ಷಕರು ಮುಗುಳ್ನಕ್ಕರು. ನಾನು ಎದ್ದು ಹೊರಗೆ ಹೋದೆ.

ಬಿನ್ನಿಪೇಟೆಯ ಆ ಹುಡುಗಿ ಸಂತಾಪ ಸಭೆಗೆ ಬಂದಿದ್ದಳು. ಈಗ ಅವಳೇ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಎಲ್ಲರೂ ನಗುತ್ತಿದ್ದಾಗ ಅವಳೂ ನಗಲಿಲ್ಲ. ಹೊರಗೆ ಬಂದ ಮೇಲೆ, ಮೇಷ್ಟ್ರು ಎಷ್ಟೋ ವರ್ಷದ ನಂತರ ಹೇಳದೆ ಕೇಳದೆ ತಮ್ಮ ಮನೆಗೆ ಬಂದಿದ್ದರು ಎಂದಳು. ಅವಳ ಅಪ್ಪನ ಎದುರಿಗೆ ಕೂತು, "ನಿಮ್ಮ ಮಗಳ ಮೊದಲನೇ ಪ್ರಯೋಗ ಸರಿಯಾಗಿರ್ಲಿಲ್ಲ, ಎರಡನೇದು ಸರಿಯಾಗಿತ್ತು. ಆವತ್ತು ನಾನೇ ಬಂದು ನಿಮಗೆ ಎರಡನ್ನೂ ಹೇಳ್ಬೇಕಾಗಿತ್ತು" ಎಂದರಂತೆ. ಅಪ್ಪ ತಲೆಬುಡ ತಿಳಿಯದೆ ಕಾಫಿ ಕೊಟ್ಟು ಕಳಿಸಿದರಂತೆ.

ಕೊನೆಯ ಸಲ ನಾನು ಮೇಷ್ಟ್ರನ್ನು ನೋಡಿದ್ದು ಅವರು ನಿವೃತ್ತರಾದ ಮೇಲೆ, ಅದೇ ಮನೆಯಲ್ಲಿ. ನಡುಮನೆಯ ಹಗ್ಗದ ಮಂಚ ಬರಿದಾಗಿತ್ತು. ವಾಸನೆಯೂ ಹೋಗಿತ್ತು. ಸುಣ್ಣ ಹೊಡೆಸಿದ್ದರು. ನಾನು ಬರುತ್ತೇನೆಂದು ಒಂದು ದಾಳಿಂಬೆ ತಂದಿಟ್ಟಿದ್ದರು. ಪೇಪರ್ ಹಾಸಿಕೊಂಡು, ಅಕ್ಕನ ಹಾಗೆಯೇ ಹಣ್ಣನ್ನು ಸೀಳಿ, ಕಾಳು ಒಡೆಯದಂತೆ ಬಿಡಿಸಿ ಬಟ್ಟಲಿಗೆ ಹಾಕಿಕೊಟ್ಟರು. ಸಿಪ್ಪೆಯ ಚೂರುಗಳನ್ನು ಒಂದೊಂದಾಗಿ ಒಳಮೈ ಮೇಲಾಗಿ ಜೋಡಿಸಿಡುತ್ತಿದ್ದರು. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ.

ನನಗೆ ತಡೆಯಲಾಗದೆ, "ಈಗ್ಲೂ ಒಣಗಿಸ್ತೀರಾ ಸರ್?" ಎಂದೆ.

ಅವರು ಕೈ ನಿಲ್ಲಿಸಿದರು. ಸಿಪ್ಪೆಯನ್ನೆಲ್ಲ ಪೇಪರಿನಲ್ಲಿ ಸುತ್ತಿ ಪಕ್ಕಕ್ಕೆ ಸರಿಸಿದರು.

"ಇಲ್ಲಮ್ಮ. ಸಂಜೆ ಕೇಳೋರ್ ಯಾರಿದಾರೆ?" ಎಂದರು.